ಕಾಣುವ ವೈರಸ್, ಕಾಣದ ಮಾಲ್‌ವೇರ್



ಕಂಪ್ಯೂಟರ್ ವೈರಸ್ ಎಂದರೇನು ಎಂದು ಯಾರನ್ನೇ ಕೇಳಿ, ಉತ್ತರ ಅದು ಮಾಡುವ ಕೇಡಿನಿಂದ ಶುರುವಾಗುತ್ತದೆ. ಫೈಲು ಹಾಳು ಮಾಡುತ್ತದೆ, ಕಂಪ್ಯೂಟರ್ ನಿಧಾನವಾಗುತ್ತದೆ, ಫೋನ್ ಬಿಸಿಯಾಗುತ್ತದೆ, ಖಾತೆಯಲ್ಲಿದ್ದ ದುಡ್ಡು ಹೋಗುತ್ತದೆ. ಈ ವಿಷಯವನ್ನು ಶಾಸ್ತ್ರದ ಚೌಕಟ್ಟಿಗೆ ತಂದವರು ಫ್ರೆಡ್ ಕೋಹೆನ್. 1983ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಅವರು ವಿದ್ಯಾರ್ಥಿ. ವೈರಸ್ ಎಂಬ ಹೆಸರನ್ನು ಸೂಚಿಸಿದವರು ಅವರ ಗುರು ಲಿಯೊನಾರ್ಡ್ ಏಡಲ್‌ಮನ್. ಕೋಹೆನ್ ಕೊಟ್ಟ ವ್ಯಾಖ್ಯೆಯಲ್ಲಿ ಕೇಡಿನ ಮಾತೇ ಇಲ್ಲ. ಬೇರೆ ಪ್ರೋಗ್ರಾಮುಗಳನ್ನು ತಿದ್ದಿ, ಅವುಗಳೊಳಗೆ ತನ್ನ ಪ್ರತಿಯನ್ನು ಸೇರಿಸಬಲ್ಲ ಪ್ರೋಗ್ರಾಮು ವೈರಸ್, ಅಷ್ಟೆ. ಫೈಲುಗಳನ್ನು ಕುಗ್ಗಿಸಿ ಡಿಸ್ಕಿನಲ್ಲಿ ಜಾಗ ಉಳಿಸಿಕೊಡುವ ಉಪಕಾರಿ ವೈರಸ್ ಕೂಡ ಸಾಧ್ಯ ಎಂದು ಅವರು ತೋರಿಸಿದರು.

ಬಳಸುವವರು ಪರಿಣಾಮವನ್ನು ನೋಡುತ್ತಾರೆ, ಬಲ್ಲವರು ಅದು ನಡೆಯುವ ಬಗೆಯನ್ನು ನೋಡುತ್ತಾರೆ. ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಎರಡನ್ನೂ ಒಂದೇ ವಾಕ್ಯದಲ್ಲಿ ಕೂಡಿಸಿಟ್ಟಿದೆ. ಅದರ 43ನೇ ವಿಧಿಯ ಪ್ರಕಾರ ಕಂಪ್ಯೂಟರಿನ ಕೆಲಸವನ್ನು ಹಾಳು ಮಾಡುವುದೂ ವೈರಸ್, ಇನ್ನೊಂದಕ್ಕೆ ಅಂಟಿಕೊಂಡು ನಡೆಯುವುದೂ ವೈರಸ್. ಕಾನೂನಿನ ಪುಸ್ತಕದಲ್ಲಿ ಹಾಗೆ ಒಟ್ಟಿಗೆ ಕೂತ ಈ ಎರಡು ತಿಳಿವುಗಳು ಹೊರಗಿನ ಬದುಕಿನಲ್ಲಿ ಒಂದನ್ನೊಂದು ಮಾತಾಡಿಸುವುದೇ ಅಪರೂಪ. ಈ ಮೌನದ ಬೆಲೆಯನ್ನು ತೆರುತ್ತಿರುವವರು ಯಾರು ಎಂಬುದೇ ನನ್ನ ಇಂದಿನ ಉಪನ್ಯಾಸದ ವಿಷಯ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ಜನಸಾಮಾನ್ಯರಿಗೆ ಈ ವಿಷಯದಲ್ಲಿ ಏನೂ ಗೊತ್ತಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ಅವರ ತಲೆಯಲ್ಲಿ ಖಾಲಿ ಜಾಗವಿಲ್ಲ, ಸಿದ್ಧಾಂತವಿದೆ. ತಾವು ಕಂಡದ್ದರಿಂದ, ಕೇಳಿದ್ದರಿಂದ ಅವರೇ ಕಟ್ಟಿಕೊಂಡ ಸಿದ್ಧಾಂತ. ಹೊರಗೆ ಸೆಕೆ ವಿಪರೀತವಾದಾಗ ಕೋಣೆಗೆ ಬಂದವರು ಏಸಿಯನ್ನು 16ಕ್ಕೆ ಇಳಿಸುವುದನ್ನು ನೀವು ಕಂಡಿದ್ದೀರಿ. ಸಂಖ್ಯೆ ಇಳಿಸಿದಷ್ಟೂ ಗಾಳಿ ಹೆಚ್ಚು ತಣ್ಣಗೆ ಬರುತ್ತದೆ, ನಲ್ಲಿಯನ್ನು ಹೆಚ್ಚು ತಿರುಗಿಸಿದಂತೆ, ಎಂಬ ಲೆಕ್ಕ. ಸಾಮಾನ್ಯ ಏಸಿಯ ಯಂತ್ರ ಹಾಗೆ ನಡೆಯುವುದಿಲ್ಲ. 24ಕ್ಕಿಟ್ಟರೂ 16ಕ್ಕಿಟ್ಟರೂ ಅದು ತಣಿಸುವ ವೇಗ ಒಂದೇ, ಎಲ್ಲಿ ನಿಲ್ಲಬೇಕು ಎಂಬುದಷ್ಟೇ ಬೇರೆ. ಅಮೆರಿಕದ ಮಿಷಿಗನ್‌ನಲ್ಲಿ ಚಳಿಗಾಲದಲ್ಲಿ ಮನೆ ಬಿಸಿ ಮಾಡುವ ಥರ್ಮೋಸ್ಟಾಟನ್ನು ಜನ ಇದೇ ಲೆಕ್ಕದಿಂದ ತಿರುಗಿಸುವುದನ್ನು ವಿಲೆಟ್ ಕೆಂಪ್ಟನ್ ಎಂಬ ಮಾನವಶಾಸ್ತ್ರಜ್ಞ 1986ರಲ್ಲಿ ಬರೆದರು. ಆ ಜನರನ್ನು ಅವರು ಮೂಢರೆಂದು ಕರೆಯಲಿಲ್ಲ. ತಪ್ಪು ಸಿದ್ಧಾಂತವೂ ದಿನನಿತ್ಯದ ಕೆಲಸವನ್ನು ಹೇಗೆ ನಡೆಸಿಕೊಡುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಕೂತು ನೋಡಿದರು.

ಅದೇ ಮಿಷಿಗನ್ ರಾಜ್ಯದಲ್ಲಿ ರಿಕ್ ವಾಶ್ ಎಂಬ ಸಂಶೋಧಕರು ಆ ದೃಷ್ಟಿಯನ್ನು ಮನೆಯ ಕಂಪ್ಯೂಟರಿನ ಕಡೆ ತಿರುಗಿಸಿದರು. 2010ರಲ್ಲಿ ಪ್ರಕಟವಾದ ಅವರ ಅಧ್ಯಯನಕ್ಕೆ ಮಾತಾಡಿದವರು 33 ಜನ, ಎಲ್ಲರೂ ಸಾಮಾನ್ಯ ಬಳಕೆದಾರರು. ಅವರ ಮಾತುಗಳಿಂದ ವಾಶ್ ಎಂಟು ಜನಪದ ಮಾದರಿಗಳನ್ನು ಹೆಕ್ಕಿದರು, ವೈರಸ್ಸಿನ ಬಗ್ಗೆ ನಾಲ್ಕು, ಹ್ಯಾಕರುಗಳ ಬಗ್ಗೆ ನಾಲ್ಕು. ವೈರಸ್ ಏನೋ ಒಂದು ಕೆಟ್ಟದ್ದು, ಅದಕ್ಕಿಂತ ಹೆಚ್ಚು ತಿಳಿಯದು ಎನ್ನುವವರು ಕೆಲವರು. ಅದು ದೋಷವಿರುವ ಸಾಫ್ಟ್‌ವೇರ್, ನಾವಾಗಿ ಹಾಕಿಕೊಂಡರೆ ಮಾತ್ರ ಬರುತ್ತದೆ ಎನ್ನುವವರು ಇನ್ನು ಕೆಲವರು. ಯಾರೋ ಕಿಡಿಗೇಡಿಗಳು ತಮಾಷೆಗೆ ಮಾಡಿದ ಉಪದ್ರವ ಎಂದು ಒಬ್ಬರಿಗೆ, ಹಣ ಕದಿಯಲು ಮಾಡಿದ ಸಾಧನ ಎಂದು ಮತ್ತೊಬ್ಬರಿಗೆ. ಹ್ಯಾಕರ್ ಎಂದರೆ ತನ್ನ ಜಾಣತನ ಮೆರೆಯಲು ಬರುವ ಹುಡುಗ ಎಂಬ ಚಿತ್ರವಿದೆ, ಸಿಕ್ಕ ಮನೆಗೆ ನುಗ್ಗುವ ಕನ್ನಗಳ್ಳನ ಚಿತ್ರವಿದೆ, ದೊಡ್ಡ ಕುಳಗಳನ್ನೇ ಹುಡುಕಿ ಹೋಗುವ ವೃತ್ತಿಗಾರನ ಚಿತ್ರವೂ ಇದೆ.

ವಾಶ್ ಅವರ ಮುಂದಿನ ಹೆಜ್ಜೆಯೇ ನನಗೆ ಮುಖ್ಯವೆನಿಸುವುದು. ತಜ್ಞರು ಎಲ್ಲರಿಗೂ ಹೇಳುವ ಹನ್ನೆರಡು ಸಲಹೆಗಳನ್ನು ಅವರು ಈ ಮಾದರಿಗಳ ಎದುರು ಇಟ್ಟು ನೋಡಿದರು. ದೋಷವಿರುವ ಸಾಫ್ಟ್‌ವೇರೇ ವೈರಸ್ ಎಂದು ನಂಬಿದವನಿಗೆ ಆಂಟಿವೈರಸ್ ಯಾಕೆ? ತಾನು ಏನನ್ನು ಹಾಕಿಕೊಳ್ಳುತ್ತೇನೆ ಎಂಬುದರ ಮೇಲೆ ಕಣ್ಣಿಟ್ಟರೆ ಸಾಕು. ಹ್ಯಾಕರುಗಳು ಶ್ರೀಮಂತರನ್ನು ಮಾತ್ರ ಹಿಡಿಯುತ್ತಾರೆ ಎಂದು ನಂಬಿದವನಿಗೆ ಯಾವ ಸಲಹೆಯೂ ತನಗೆ ಹೇಳಿದ್ದಲ್ಲ. ಅಂದರೆ ಸಲಹೆಯನ್ನು ಬಿಟ್ಟವರು ಸೋಮಾರಿತನದಿಂದ ಬಿಟ್ಟಿರಲಿಲ್ಲ. ತಮ್ಮ ಸಿದ್ಧಾಂತದ ಪ್ರಕಾರ ಬೇಕಾದ್ದನ್ನು ಇಟ್ಟುಕೊಂಡು, ಬೇಡವಾದ್ದನ್ನು ಯೋಚಿಸಿಯೇ ಬಿಟ್ಟಿದ್ದರು.

ನಮ್ಮಲ್ಲಿ ಇಂಥ ಸಿದ್ಧಾಂತ ಎಲ್ಲಿ ಹುಟ್ಟಿತು ಎಂದು ಯೋಚಿಸಿದರೆ ನನ್ನ ಮನಸ್ಸು ಡಿಟಿಪಿ ಸೆಂಟರಿಗೂ ಜೆರಾಕ್ಸ್ ಅಂಗಡಿಗೂ ಹೋಗುತ್ತದೆ. ಲಗ್ನಪತ್ರಿಕೆಯ ಕರಡು, ಮಗನ ಪ್ರಾಜೆಕ್ಟ್ ವರದಿ, ಪಹಣಿಯ ಸ್ಕ್ಯಾನ್ ಪ್ರತಿ, ಎಲ್ಲವೂ ಪೆನ್‌ಡ್ರೈವಿನಲ್ಲಿ ಓಡಾಡುತ್ತಿದ್ದ ವರ್ಷಗಳು ಅವು. ಅಂಗಡಿಯ ಕಂಪ್ಯೂಟರಿಗೆ ಪೆನ್‌ಡ್ರೈವ್ ಚುಚ್ಚಿ ಮನೆಗೆ ತಂದರೆ ಒಳಗಿನ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿರುತ್ತಿದ್ದವು. ನಿಜವಾದ ಫೈಲುಗಳು ಅಲ್ಲೇ ಅಡಗಿರುತ್ತಿದ್ದವು. ಶಾರ್ಟ್‌ಕಟ್ ಒತ್ತಿದೊಡನೆ ಮಾಲ್‌ವೇರ್, ಅಂದರೆ ಕೇಡಿನ ಪ್ರೋಗ್ರಾಮೂ ನಡೆಯುತ್ತಿತ್ತು, ಫೋಲ್ಡರೂ ತೆರೆಯುತ್ತಿತ್ತು. ಅದಕ್ಕೂ ಮೊದಲು, ಪೆನ್‌ಡ್ರೈವ್ ಚುಚ್ಚಿದ ಕೂಡಲೇ ಅದರೊಳಗಿನ ಪ್ರೋಗ್ರಾಮು ನಡೆಯಲು ದಾರಿ ಮಾಡಿಕೊಡುತ್ತಿದ್ದ ಆಟೋರನ್ ಎಂಬ ಸೌಲಭ್ಯ ವಿಂಡೋಸ್‌ನಲ್ಲಿತ್ತು. 2008ರ ಕೊನೆಯಲ್ಲಿ ಹೊರಟ ಕಾನ್‌ಫಿಕರ್ ಎಂಬ ವರ್ಮ್ ಹಬ್ಬಿದ್ದಕ್ಕೆ ಅದೂ ಒಂದು ದಾರಿ. 2011ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಅಪ್‌ಡೇಟ್ ಮೂಲಕ ಅದನ್ನು ಪೆನ್‌ಡ್ರೈವುಗಳಿಗೆ ಮುಚ್ಚಿತು.

ಆ ಅಪ್‌ಡೇಟ್ ನಮ್ಮ ಎಷ್ಟೋ ಕಂಪ್ಯೂಟರುಗಳಿಗೆ ತಲುಪಲಿಲ್ಲ. ಕಾರಣ ಎಲ್ಲರಿಗೂ ಗೊತ್ತು. ವಿಂಡೋಸ್ ನಕಲು ಪ್ರತಿಯಾಗಿತ್ತು. ಅಪ್‌ಡೇಟ್ ಆನ್ ಇಟ್ಟರೆ ಪರದೆ ಕಪ್ಪಾಗಿ, ಇದು ಅಸಲಿ ಅಲ್ಲ ಎಂಬ ಬರಹ ಮೂಡುತ್ತಿತ್ತು. ಆದ್ದರಿಂದ ವಿಂಡೋಸ್ ಹಾಕಿಕೊಟ್ಟ ಹುಡುಗ ಕೊನೆಗೆ ಒಂದು ಕೆಲಸ ತಪ್ಪದೆ ಮಾಡುತ್ತಿದ್ದ: ಅಪ್‌ಡೇಟ್ ಆಫ್. "ಸಾರ್, ಅಪ್‌ಡೇಟ್ ಮಾತ್ರ ಕೊಡಬೇಡಿ, ಕೊಟ್ರೆ ಹೋಗ್ಬಿಡುತ್ತೆ" ಎಂದು ಎಚ್ಚರಿಸಿಯೂ ಹೋಗುತ್ತಿದ್ದ. ಅವನು ಹೇಳಿದ್ದು ಸುಳ್ಳಲ್ಲ, ಅನುಭವದ ಮಾತು. ಹೀಗೆ ಒಂದು ತಲೆಮಾರು, ಅಪ್‌ಡೇಟ್ ಎಂದರೆ ಕಂಪ್ಯೂಟರನ್ನು ಕೆಡಿಸುವುದು, ಆಂಟಿವೈರಸ್ ಎಂದರೆ ಕಾಪಾಡುವುದು ಎಂದು ಕಲಿತಿತು. ಫೋನಿಗೂ ಅದೇ ನಂಬಿಕೆ ದಾಟಿತು. ಅಪ್‌ಡೇಟ್ ಮಾಡಿದ ಮೇಲೆ ಬ್ಯಾಟರಿ ನಿಲ್ಲುವುದಿಲ್ಲ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ.

ತಜ್ಞರ ಎಣಿಕೆ ಇದಕ್ಕೆ ನೇರ ತಲೆಕೆಳಗು. 2015ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಗೂಗಲ್‌ನ ಸಂಶೋಧಕರು 231 ಭದ್ರತಾ ತಜ್ಞರನ್ನೂ 294 ಸಾಮಾನ್ಯ ಬಳಕೆದಾರರನ್ನೂ, ಸುರಕ್ಷಿತವಾಗಿರಲು ನೀವು ಮಾಡುವ ಮುಖ್ಯ ಕೆಲಸಗಳು ಯಾವುವು ಎಂದು ಕೇಳಿದರು. ಅಪ್‌ಡೇಟ್ ಎಂದವರು ತಜ್ಞರಲ್ಲಿ ಶೇ 35, ಸಾಮಾನ್ಯರಲ್ಲಿ ಶೇ 2. ಆಂಟಿವೈರಸ್ ಎಂದವರು ಸಾಮಾನ್ಯರಲ್ಲಿ ಶೇ 42, ತಜ್ಞರಲ್ಲಿ ಶೇ 7. ತಜ್ಞರು ಆಂಟಿವೈರಸ್ ಬಗ್ಗೆ ಇಷ್ಟು ಉದಾಸೀನರಾಗಿರುವುದಕ್ಕೆ ಆಧಾರವಿದೆ. ಎಲ್ಲ ವೈರಸ್ಸುಗಳನ್ನೂ ತಪ್ಪಿಲ್ಲದೆ ಗುರುತಿಸುವ ಪ್ರೋಗ್ರಾಮನ್ನು ಬರೆಯಲು ಸಾಧ್ಯವೇ ಇಲ್ಲ ಎಂದು ಕೋಹೆನ್ ಗಣಿತದ ದಾರಿಯಲ್ಲಿ ಸಾಧಿಸಿದ್ದರು. ತೂತನ್ನು ಮುಚ್ಚುವುದು ಅಪ್‌ಡೇಟ್. ತೂತಿನಿಂದ ಬಂದವರನ್ನು ಮುಖ ನೋಡಿ ಹಿಡಿಯಲು ಯತ್ನಿಸುವುದು ಆಂಟಿವೈರಸ್. ಇಷ್ಟು ಸರಳವಾದ ಮಾತನ್ನು ನಾವು ಜನರಿಗೆ ಹೇಳಿದ್ದೇವೆಯೆ? ಅಪ್‌ಡೇಟ್ ಮಾಡಿ ಎಂಬ ಆಜ್ಞೆ ಕೊಟ್ಟಿದ್ದೇವೆ, ಯಾಕೆ ಎಂಬುದನ್ನು ನಮ್ಮಲ್ಲೇ ಇಟ್ಟುಕೊಂಡಿದ್ದೇವೆ.

ಪರಿಣಾಮ ನೋಡಿ ಅಳೆಯುವ ತಿಳಿವು ಒಂದು ಕಾಲಕ್ಕೆ ಸಾಕಾಗುತ್ತಿತ್ತು ಎಂಬುದನ್ನೂ ಹೇಳಬೇಕು. 1986ರಲ್ಲಿ ಹೊರಬಂದ ಬ್ರೇನ್ ವೈರಸ್ಸನ್ನು ಬರೆದವರು ಲಾಹೋರಿನ ಅಲ್ವಿ ಸೋದರರು. ಫ್ಲಾಪಿಯ ಬೂಟ್ ಸೆಕ್ಟರಿನಲ್ಲಿ ತಮ್ಮ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರು ಎಲ್ಲವನ್ನೂ ಬರೆದಿಟ್ಟಿದ್ದರು. 1992ರ ಮಾರ್ಚ್ 6ರಂದು ಡಿಸ್ಕುಗಳನ್ನು ಅಳಿಸುವಂತೆ ಕಟ್ಟಿದ್ದ ಮೈಕೆಲ್ಯಾಂಜೆಲೊ ವೈರಸ್ಸಿನ ಸುದ್ದಿ ಪತ್ರಿಕೆಗಳನ್ನು ತುಂಬಿತ್ತು. ಆಗಿನ ವೈರಸ್ಸುಗಳಲ್ಲಿ ಬಹಳಷ್ಟು ತಮ್ಮನ್ನು ತೋರಿಸಿಕೊಳ್ಳುತ್ತಿದ್ದವು. ಕಿಡಿಗೇಡಿಯ ಚಿತ್ರ ಆ ಕಾಲದ್ದು, ಆ ಕಾಲಕ್ಕೆ ಒಪ್ಪುವಂಥದ್ದು. ಬರೆಯುವವರ ಉದ್ದೇಶ ಹಣವಾದ ಮೇಲೆ ಎಲ್ಲವೂ ಬದಲಾಯಿತು. ಕದಿಯುವ ಪ್ರೋಗ್ರಾಮು ಯಾಕೆ ಫೋನನ್ನು ಬಿಸಿ ಮಾಡಿ ತನ್ನ ಇರವನ್ನು ಸಾರಬೇಕು? ಸದ್ದಿಲ್ಲದೆ ಇರುವುದರಲ್ಲೇ ಅದರ ಬದುಕಿದೆ. ಕೆಲವು ಮಾಲ್‌ವೇರುಗಳು ತಾವು ಹೊಕ್ಕ ಕಂಪ್ಯೂಟರಿನಿಂದ ಎದುರಾಳಿ ಮಾಲ್‌ವೇರನ್ನು ಕಿತ್ತೂ ಹಾಕುತ್ತವೆ.

2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಹೀಗೆ ಸದ್ದಿಲ್ಲದೆ ಇರುವುದಕ್ಕೆ ದೊಡ್ಡ ಸಾಕ್ಷಿ. ಇರಾನಿನ ನತಾಂಜ್ ಪರಮಾಣು ಘಟಕದಲ್ಲಿ ಯುರೇನಿಯಂ ಸಂಸ್ಕರಿಸುವ ಯಂತ್ರಗಳನ್ನು ಕೆಡಿಸಲು ಕಟ್ಟಿದ್ದು ಅದು. ಆದರೆ ಹಬ್ಬುವಾಗ ಎಲ್ಲೆಲ್ಲೋ ಹಬ್ಬಿತು. ಸಿಮ್ಯಾಂಟೆಕ್ ಕಂಪನಿ ಲೆಕ್ಕ ಹಾಕಿದಾಗ ಹೆಚ್ಚು ಕಂಪ್ಯೂಟರುಗಳಿಗೆ ಅದು ತಗುಲಿದ್ದ ದೇಶಗಳಲ್ಲಿ ಇರಾನ್, ಇಂಡೊನೇಷ್ಯಾಗಳ ನಂತರ ಮೂರನೆಯದು ಭಾರತ. ಆ ಕಂಪ್ಯೂಟರುಗಳಲ್ಲಿ ಸೀಮೆನ್ಸ್ ನಿಯಂತ್ರಕಗಳ ಆ ನಿರ್ದಿಷ್ಟ ಜೋಡಣೆ ಇಲ್ಲದಿದ್ದರೆ ಅದು ಯಂತ್ರವನ್ನು ಕೆಡಿಸುತ್ತಿರಲಿಲ್ಲ. ಫೈಲು ಹೋಗಲಿಲ್ಲ, ಪರದೆ ಕಪ್ಪಾಗಲಿಲ್ಲ. ಆ ಕಂಪ್ಯೂಟರಿನ ಎದುರು ಕೂತಿದ್ದವರನ್ನು ಕೇಳಿದ್ದರೆ, ನಮ್ಮದರಲ್ಲಿ ವೈರಸ್ ಇಲ್ಲ ಎನ್ನುತ್ತಿದ್ದರು. ತಜ್ಞರಿಗೆ ಅದು ಆವರೆಗೆ ಕಂಡ ಅತ್ಯಂತ ಜಟಿಲ ಮಾಲ್‌ವೇರ್.

ಇನ್ನೊಂದು ಬಗೆಯಲ್ಲಿ ಕೇಡು ಆಗುತ್ತದೆ, ಆದರೆ ನಮಗಲ್ಲ, ಬೇರೆ ಯಾರಿಗೋ. ಅಂಗಡಿಗೆ ಸಿಸಿಟಿವಿ ಹಾಕಿಸಿದಾಗ ಅದರ ಕಾರ್ಖಾನೆಯ ಪಾಸ್‌ವರ್ಡ್ ಬದಲಾಯಿಸಿದವರು ಈ ಸಭೆಯಲ್ಲಿ ಎಷ್ಟು ಜನ? 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಕ್ಯಾಮೆರಾ, ಡಿವಿಆರ್, ರೌಟರುಗಳನ್ನು ಹುಡುಕಿ, ಅರುವತ್ತಕ್ಕೂ ಹೆಚ್ಚು ಕಾರ್ಖಾನೆ ಪಾಸ್‌ವರ್ಡುಗಳನ್ನು ಒಂದೊಂದಾಗಿ ಪ್ರಯತ್ನಿಸಿ ಒಳಹೊಕ್ಕಿತು. ಅಕ್ಟೋಬರ್ 21ರಂದು ಆ ಕ್ಯಾಮೆರಾಗಳೆಲ್ಲ ಒಟ್ಟಾಗಿ ಜಾಲತಾಣಗಳ ವಿಳಾಸ ಹುಡುಕಿಕೊಡುವ ಡಿನ್ ಎಂಬ ಕಂಪನಿಯ ಮೇಲೆ ಬಿದ್ದಾಗ ಅಮೆರಿಕದ ಪೂರ್ವ ಕರಾವಳಿಯವರಿಗೆ ಟ್ವಿಟರ್, ನೆಟ್‌ಫ್ಲಿಕ್ಸ್ ಸಿಗದಾದವು. ಕ್ಯಾಮೆರಾದ ಮಾಲೀಕರಿಗೆ ಏನೂ ತಿಳಿಯಲಿಲ್ಲ. ಅವರ ಅಂಗಡಿಯ ಚಿತ್ರ ಎಂದಿನಂತೆ ಮೂಡುತ್ತಲೇ ಇತ್ತು. ವಾಶ್ ಅವರ ಎಂಟು ಮಾದರಿಗಳಲ್ಲಿ ಒಂದೂ ಇದನ್ನು ಸರಿಯಾಗಿ ಹಿಡಿಯುವುದಿಲ್ಲ. ನನ್ನ ವಸ್ತುವನ್ನು ಹೊಕ್ಕು, ನನಗೇನೂ ಮಾಡದೆ, ಇನ್ನೊಬ್ಬನನ್ನು ಹೊಡೆಯುವ ಕಳ್ಳ ಯಾರ ಕಲ್ಪನೆಯಲ್ಲೂ ಇರಲಿಲ್ಲ. ಜನಪದ ಮಾದರಿಗಳು ಬಿಟ್ಟ ಆ ಸಂದಿನಲ್ಲೇ ಬಾಟ್‌ನೆಟ್‌ಗಳು, ಅಂದರೆ ಹೀಗೆ ವಶವಾದ ಯಂತ್ರಗಳ ಜಾಲಗಳು, ಬೆಳೆದವು ಎಂಬ ಅವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ.

"ನಮ್ಮ ಹತ್ರ ಏನಿದೆ ಅಂತ ಬರ್ತಾರೆ?" ಈ ಮಾತು ಕೇಳದ ಸಭೆಯಿಲ್ಲ. ದೊಡ್ಡ ಕುಳಗಳ ಸಿದ್ಧಾಂತ ಇದು. 2017ರ ಮೇ 12ರಂದು ಹೊರಟ ವಾನ್ನಾಕ್ರೈ ಬ್ರಿಟನ್ನಿನ ಆಸ್ಪತ್ರೆಗಳ ಕೆಲಸ ನಿಲ್ಲಿಸಿತು. ಅದೇ ವಾರ ನಮ್ಮ ನೆರೆಯ ವಯನಾಡಿನ ಗ್ರಾಮ ಪಂಚಾಯಿತಿ ಕಚೇರಿಯ ಕಂಪ್ಯೂಟರುಗಳಲ್ಲೂ ಹಣ ಕೇಳುವ ಪರದೆ ಮೂಡಿಸಿತು. ಪಂಚಾಯಿತಿಯನ್ನು ಯಾರೂ ಆರಿಸಿರಲಿಲ್ಲ. ವಾನ್ನಾಕ್ರೈ ತಾನಾಗಿ ಜಾಲದಲ್ಲಿ ಬಾಗಿಲು ತಟ್ಟುತ್ತಾ ಹೋಗುವ ವರ್ಮ್. ಯಾವ ಬಾಗಿಲಲ್ಲಿ ಆ ತೂತು ಇತ್ತೋ ಅಲ್ಲಿ ಹೊಕ್ಕಿತು. ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ. ಆ ತೂತನ್ನು ಮುಚ್ಚುವ ಅಪ್‌ಡೇಟ್ ಮಾರ್ಚ್ 14ರಂದೇ ಬಂದಿತ್ತು. ಆದರೆ ಆ ದಿನಗಳಲ್ಲಿ ವಾಟ್ಸಾಪಿನಲ್ಲಿ ಓಡಾಡಿದ್ದು ಎಟಿಎಂಗಳು ಮುಚ್ಚುತ್ತವೆ, ಡ್ಯಾನ್ಸ್ ವಿಡಿಯೊ ತೆರೆಯಬೇಡಿ ಎಂಬ ವದಂತಿ. ಕ್ಲಿಕ್ಕಿನಿಂದಲೇ ವೈರಸ್ ಎಂಬ ಸಿದ್ಧಾಂತಕ್ಕೆ ಒಪ್ಪುವ ಸುದ್ದಿ ಬೇಗ ಓಡಿತು. ಅಪ್‌ಡೇಟಿನ ಸುದ್ದಿ ಓಡಲಿಲ್ಲ.

ನಾವು ತಜ್ಞರು ಜನರ ತಿಳಿವನ್ನು ತಪ್ಪು ಎಂದು ಬದಿಗೆ ಸರಿಸಿದಾಗ ಅದನ್ನು ಗೌರವದಿಂದ ಅಭ್ಯಾಸ ಮಾಡಿದವರು ವಂಚಕರು. 2002ರಲ್ಲಿ ಒಂದು ಇಮೇಲ್ ಹರಡಿತು: ನಿಮ್ಮ ಕಂಪ್ಯೂಟರಿನಲ್ಲಿ ಕರಡಿಮರಿಯ ಚಿತ್ರವಿರುವ ಒಂದು ಫೈಲಿದೆ, ಅದು ವೈರಸ್, ಆಂಟಿವೈರಸ್ಸಿಗೂ ಸಿಗುವುದಿಲ್ಲ, ಕೂಡಲೇ ಅಳಿಸಿ, ಪರಿಚಯದವರಿಗೆಲ್ಲ ತಿಳಿಸಿ. ಜನ ಹುಡುಕಿದರು. ಕರಡಿಮರಿ ನಿಜಕ್ಕೂ ಇತ್ತು! ಅದು ವಿಂಡೋಸ್ ಜೊತೆಗೇ ಬರುವ ಒಂದು ಸಾಧುವಾದ ಫೈಲು. ಒಂದು ಸಾಲು ಕೋಡ್ ಬರೆಯದೆ, ಜನರ ಕೈಯಿಂದಲೇ ಫೈಲು ಅಳಿಸಿ, ಜನರ ಕೈಯಿಂದಲೇ ಹರಡಿಸಿದ ವೈರಸ್ ಅದು. ಮುಂದಿನ ದಶಕದಲ್ಲಿ ನಮ್ಮ ದೇಶದ ಕೆಲವು ಕಾಲ್ ಸೆಂಟರುಗಳು ಈ ವಿದ್ಯೆಯನ್ನು ದಂಧೆಯಾಗಿಸಿದವು. ಅಮೆರಿಕದ ವೃದ್ಧರಿಗೆ ಫೋನ್ ಮಾಡಿ, ವಿಂಡೋಸ್‌ನ ಇವೆಂಟ್ ವ್ಯೂವರ್ ತೆರೆಯಲು ಹೇಳುತ್ತಿದ್ದರು. ಆರೋಗ್ಯವಾಗಿರುವ ಕಂಪ್ಯೂಟರಿನಲ್ಲೂ ಅಲ್ಲಿ ಕೆಂಪು ಗುರುತುಗಳು ಇದ್ದೇ ಇರುತ್ತವೆ. ಅವೇ ವೈರಸ್ಸುಗಳೆಂದು ತೋರಿಸಿ, ತೆಗೆಯಲು ನೂರಾರು ಡಾಲರ್ ಕೇಳುತ್ತಿದ್ದರು. 2012ರ ಅಕ್ಟೋಬರಿನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂಥ ಆರು ಜಾಲಗಳ ಮೇಲೆ ದಾವೆ ಹೂಡಿತು. ಹೆಚ್ಚಿನವುಗಳ ನೆಲೆ ಭಾರತ. ಇದನ್ನು ಹೇಳುವಾಗ ನನಗೆ ನಾಚಿಕೆಯಾಗುತ್ತದೆ. ಕಣ್ಣಿಗೆ ಕಾಣುವುದೇ ವೈರಸ್ ಎಂಬ ನಂಬಿಕೆಯನ್ನು ಅವರು ಅಷ್ಟು ಚೆನ್ನಾಗಿ ಓದಿಕೊಂಡಿದ್ದರು.

ಈಗ ನಮ್ಮ ಊರುಗಳಲ್ಲಿ ನಡೆಯುತ್ತಿರುವುದಕ್ಕೆ ಬರುತ್ತೇನೆ. ಸ್ತ್ರೀಶಕ್ತಿ ಸಂಘಗಳಲ್ಲಿ, ಹಿರಿಯ ನಾಗರಿಕರ ಸಭೆಗಳಲ್ಲಿ ನಾನು ಮಾತಾಡಲು ಹೋದಾಗ ಮತ್ತೆ ಮತ್ತೆ ಕೇಳುವ ಒಂದು ಮಾತಿದೆ: "ನಾನು ಒಟಿಪಿ ಯಾರಿಗೂ ಹೇಳೇ ಇಲ್ಲ ಸಾರ್, ಆದ್ರೂ ದುಡ್ಡು ಹೋಯ್ತು." ಇವರು ಸುಳ್ಳು ಹೇಳುತ್ತಿಲ್ಲ. ಆಗಿದ್ದು ಇಷ್ಟು. ವಾಟ್ಸಾಪಿನಲ್ಲಿ ಒಂದು ಫೈಲು ಬಂತು. ಆರ್‌ಟಿಒ ಚಲನ್ ಎಂದೊ, ಮದುವೆಯ ಕರೆಯೋಲೆ ಎಂದೊ, ಪಿಎಂ ಕಿಸಾನ್ ಪಟ್ಟಿ ಎಂದೊ ಹೆಸರು. ಕೊನೆಯಲ್ಲಿ ಎಪಿಕೆ ಎಂಬ ಮೂರಕ್ಷರ, ಅಂದರೆ ಅದು ಫೋನಿಗೆ ಆಪ್ ಹಾಕುವ ಫೈಲು. ಕಳಿಸಿದವರು ಅಪರಿಚಿತರಲ್ಲ, ಭಾವನ ನಂಬರು, ಇಲ್ಲವೆ ಸಂಘದ ಕಾರ್ಯದರ್ಶಿಯ ನಂಬರು, ಯಾಕೆಂದರೆ ಅವರ ಫೋನು ನಿನ್ನೆಯೇ ವಂಚಕರ ವಶವಾಗಿದೆ. ಒತ್ತಿದರು. ಫೋನ್ ಒಮ್ಮೆ ಎಚ್ಚರಿಸಿತು, ಮುಂದುವರಿಸಿ ಎಂದರು. ಆಪ್ ಮೆಸೇಜ್ ಓದುವ ಅನುಮತಿ ಕೇಳಿತು, ಕೊಟ್ಟರು. ಆಮೇಲೆ ಆಪಿನ ಗುರುತು ಪರದೆಯಿಂದಲೇ ಮಾಯವಾಯಿತು. "ಓಪನ್ ಆಗ್ಲಿಲ್ಲ, ಸುಮ್ನಾದೆ." ಅಲ್ಲಿಂದ ಮುಂದೆ ಬ್ಯಾಂಕಿನಿಂದ ಬರುವ ಪ್ರತಿ ಒಟಿಪಿಯೂ ಅದೇ ಕ್ಷಣ ವಂಚಕನ ಕೈಗೂ ತಲುಪುತ್ತದೆ. ಕೇಳುವ ಅಗತ್ಯವೇ ಇಲ್ಲ.

ಒಟಿಪಿ ಯಾರಿಗೂ ಹೇಳಬೇಡಿ ಎಂದು ನಾವು ವರ್ಷಗಟ್ಟಲೆ ಹೇಳಿದೆವು. ಬ್ಯಾಂಕಿನ ಗೋಡೆ, ಬಸ್ಸಿನ ಹಿಂಭಾಗ, ಫೋನಿನ ರಿಂಗ್ ಬದಲು ಬರುವ ದನಿ, ಎಲ್ಲೆಲ್ಲೂ ಎಚ್ಚರಿಕೆ. ಆ ಸಲಹೆ ಸರಿಯೇ. ಆದರೆ ಅದರಿಂದ ಜನ ಒಂದು ಸಿದ್ಧಾಂತ ಕಟ್ಟಿಕೊಂಡರು: ಕಳ್ಳ ಫೋನ್ ಮಾಡುತ್ತಾನೆ, ಸಂಖ್ಯೆ ಕೇಳುತ್ತಾನೆ, ನಾನು ಬಾಯಿ ಬಿಡದಿದ್ದರೆ ಕ್ಷೇಮ. ಈ ಸಿದ್ಧಾಂತ ಜನರ ಅಜ್ಞಾನದಿಂದ ಹುಟ್ಟಿದ್ದಲ್ಲ, ತಜ್ಞರಾದ ನಾವೇ ಅರ್ಧ ಹೇಳಿ ಬೆಳೆಸಿದ್ದು. ಅಪರಿಚಿತರ ಸಂದೇಶ ತೆರೆಯಬೇಡಿ ಎಂಬುದೂ ಇಂಥದ್ದೇ. 2000ದ ಮೇ ತಿಂಗಳಲ್ಲಿ ಫಿಲಿಪೀನ್ಸ್‌ನಿಂದ ಹೊರಟ ಐ ಲವ್ ಯು ವರ್ಮ್ ಜಗತ್ತು ಸುತ್ತಿದ್ದು ಪರಿಚಿತರ ಹೆಸರಿನಲ್ಲೇ; ಒಬ್ಬರ ವಿಳಾಸ ಪುಸ್ತಕದಲ್ಲಿದ್ದವರಿಗೆಲ್ಲ ಅದು ತಾನಾಗಿ ಹೋಗುತ್ತಿತ್ತು. ಆ ಪಾಠ ಕಣ್ಣೆದುರೇ ಇದ್ದರೂ ನಾವು ಅಪರಿಚಿತರ ಭಯವನ್ನೇ ಕಲಿಸುತ್ತಾ ಬಂದೆವು.

ಈ ಅರ್ಧ ತಿಳಿವಿಗೆ ರೂಪಾಯಿ ಲೆಕ್ಕದ ಬೆಲೆಯೂ ಇದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ಗ್ರಾಹಕನದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಹಣ ಹೋಗಿ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ, ಗ್ರಾಹಕ ಏನನ್ನೂ ಕಳೆದುಕೊಳ್ಳಬೇಕಿಲ್ಲ. ಗ್ರಾಹಕನ ನಿರ್ಲಕ್ಷ್ಯದಿಂದ ಹೋದರೆ, ತಿಳಿಸುವವರೆಗಿನ ನಷ್ಟ ಅವನದೇ. ಹಾಗಾದರೆ ಎಪಿಕೆ ಒತ್ತಿದ್ದು ನಿರ್ಲಕ್ಷ್ಯವೊ? ಯಾವ ಅನುಮತಿಗೆ ಯಾವ ಅರ್ಥ ಎಂದು ಯಾರೂ ಹೇಳಿಕೊಡದ ಹೆಣ್ಣುಮಗಳು, ಭಾವನ ನಂಬರಿನಿಂದ ಬಂದ ಕರೆಯೋಲೆಯನ್ನು ತೆರೆದದ್ದು? ಒಟಿಪಿ ಇಲ್ಲದೆ ಹಣ ಹೋಗುವುದಿಲ್ಲ, ಆದ್ದರಿಂದ ನೀವೇ ಹೇಳಿರಬೇಕು ಎಂದು ಕೌಂಟರಿನಲ್ಲಿ ಕೇಳಿಬಂದಾಗ ಅವರ ಬಳಿ ಉತ್ತರವಿರುವುದಿಲ್ಲ. ಕೌಂಟರಿನ ಆಚೆ ಕೂತವರೂ ಅದೇ ಅರ್ಧ ಸಿದ್ಧಾಂತವನ್ನು ನಂಬಿದವರು. ಇನ್ನೊಂದು ಕಡೆ, ಫೋನ್ ಹ್ಯಾಕ್ ಆಗಿದೆ ಎಂದೊಡನೆ ಮನೆಯವರು ಮೊದಲು ಮಾಡಿಸುವುದು ಫಾರ್ಮ್ಯಾಟ್. ರೋಗ ಹೋಯಿತು ಎಂದು ಅವರಿಗೆ ಸಮಾಧಾನ. ಆ ಫೈಲು, ಕಳಿಸಿದ ಸಂದೇಶ, ಅದು ಬಂದ ಹೊತ್ತು, ಅಂದರೆ ಅವರ ಪರ ನಿಲ್ಲಬಹುದಾಗಿದ್ದ ಸಾಕ್ಷಿಯೆಲ್ಲ ಅದರ ಜೊತೆಗೇ ಹೋಗುತ್ತದೆ. ಮೊದಲು ಡೇಟಾ, ವೈಫೈ ಆಫ್ ಮಾಡಿ ಸಿಮ್ ತೆಗೆದಿಟ್ಟು, ಬೇರೆ ಫೋನಿನಿಂದ ಬ್ಯಾಂಕಿಗೂ 1930ಕ್ಕೂ ಕರೆ ಮಾಡಿ, ಫಾರ್ಮ್ಯಾಟನ್ನು ಕೊನೆಗೆ ಇಟ್ಟುಕೊಳ್ಳಬೇಕು.

ತಜ್ಞರ ತಿಳಿವೇ ಪೂರ್ಣ ಎಂದು ಯಾರೂ ಎಣಿಸಬಾರದು. ಅವರ ಮಾತು ಯಾವಾಗಲೂ ಸಂಭವದ ಮಾತು. ವೈರಸ್ ಇದೆಯೊ ಇಲ್ಲವೊ ಎಂದು ಕೇಳಿದರೆ ಹೇಳಲಾಗದು ಎನ್ನುತ್ತಾರೆ. ಬಳಸುವವರಿಗೆ ಇವತ್ತು ಸಂಜೆ ಫೋನಿನಿಂದ ಹಣ ಕಳಿಸಬಹುದೊ ಬೇಡವೊ ಎಂಬುದು ಬೇಕು. ಸುರಕ್ಷತೆಯ ಪದಗಳನ್ನು ಜನ ಹೇಗೆ ಗುಂಪು ಮಾಡಿಕೊಳ್ಳುತ್ತಾರೆ ಎಂದು ನೋಡಿದ ಜೀನ್ ಕ್ಯಾಂಪ್ ಮತ್ತು ಸಂಗಡಿಗರ 2007ರ ಪ್ರಯೋಗದಲ್ಲಿ, ಪರಿಣತಿಯ ಮಟ್ಟವನ್ನು ಬಿಗಿ ಮಾಡಿದಷ್ಟೂ ಪರಿಣತರ ಮತ್ತು ಸಾಮಾನ್ಯರ ನಡುವಿನ ದೂರ ಹೆಚ್ಚುತ್ತಾ ಹೋಯಿತು. ಬಲ್ಲವರು ಹೆಚ್ಚು ಬಲ್ಲವರಾದಂತೆ ಜನರಿಂದ ದೂರವಾಗುತ್ತಾರೆ ಎಂದಾಯಿತು. ಮೈಕ್ರೋಸಾಫ್ಟ್‌ನ ಸಂಶೋಧಕ ಕಾರ್ಮಕ್ ಹರ್ಲಿ 2009ರಲ್ಲಿ ಇನ್ನೂ ಮುಂದೆ ಹೋಗಿ, ಸಲಹೆಗಳನ್ನೆಲ್ಲ ಪಾಲಿಸಲು ತಗಲುವ ಸಮಯದ ಬೆಲೆ ತಪ್ಪುವ ನಷ್ಟಕ್ಕಿಂತ ಹೆಚ್ಚಾದಾಗ, ಜನ ಅವನ್ನು ತಳ್ಳಿಹಾಕುವುದೇ ವಿವೇಕ ಎಂದು ವಾದಿಸಿದರು. ಹೋದ ಹಣವನ್ನು ಬ್ಯಾಂಕು ಸುಲಭವಾಗಿ ತುಂಬಿಕೊಡುವ ನಾಡಿನಲ್ಲಿ ಈ ವಾದಕ್ಕೆ ತೂಕವಿದೆ. ಕೊಬ್ಬರಿ ಮಾರಿ ಬಂದ ಹಣವೆಲ್ಲ ಒಂದೇ ಖಾತೆಯಲ್ಲಿ, ಆ ಖಾತೆ ಒಂದೇ ಫೋನಿನಲ್ಲಿ ಇರುವ ನಮ್ಮ ತಿಪಟೂರಿನ ರೈತನಿಗೆ ಆ ಲೆಕ್ಕ ಹೊಂದುವುದಿಲ್ಲ. ಆದರೆ ಹರ್ಲಿಯವರಿಂದ ಒಂದನ್ನು ನಾನು ಪಡೆಯುತ್ತೇನೆ: ಸಲಹೆ ಕೊಡುವವನು ಕೇಳುವವನ ಸಮಯಕ್ಕೆ ಬೆಲೆ ಕಟ್ಟಬೇಕು. ಹದಿನೈದು ಅಂಶಗಳ ಕರಪತ್ರ ಆ ರೈತನಿಗೆ ಬೇಡ.

ಹಾಗಾದರೆ ಅವನಿಗೆ ಬೇಕಾದ್ದು ಏನು? 2012ರಲ್ಲಿ ಎಮಿಲೀ ರೇಡರ್, ವಾಶ್ ಮತ್ತು ಬ್ರ್ಯಾಂಡನ್ ಬ್ರೂಕ್ಸ್, ಜನ ಸುರಕ್ಷತೆಯ ಪಾಠ ಕಲಿಯುವುದು ಮನೆಯವರಿಂದ, ಗೆಳೆಯರಿಂದ ಕೇಳಿದ ಕತೆಗಳಿಂದಲೂ ಎಂದು ವಿದ್ಯಾರ್ಥಿಗಳನ್ನು ಕೇಳಿ ತೋರಿಸಿದರು. ಕೇಳಿದ ಕತೆ ನಡವಳಿಕೆಯನ್ನು ಬದಲಿಸುತ್ತದೆ. ಕೇಳಿದವರು ಅದನ್ನು ಇನ್ನೊಬ್ಬರಿಗೆ ದಾಟಿಸುತ್ತಾರೆ. ನಮ್ಮಲ್ಲೂ ಕತೆಗಳಿಗೆ ಬರವಿಲ್ಲ. ಆದರೆ ಅವುಗಳಿಗೆ ತಲೆ ಇದೆ, ಬಾಲ ಇದೆ, ನಡು ಇಲ್ಲ. "ಏನೋ ಒತ್ತಿದರಂತೆ, ನಾಲ್ಕು ಲಕ್ಷ ಹೋಯಿತಂತೆ." ಒತ್ತಿದ್ದಕ್ಕೂ ಹೋದದ್ದಕ್ಕೂ ನಡುವೆ ನಡೆದದ್ದು ಕತೆಯಲ್ಲಿ ಬರುವುದಿಲ್ಲ, ಪತ್ರಿಕೆಯ ಸುದ್ದಿಯಲ್ಲೂ ಬರುವುದಿಲ್ಲ. ಫೋನ್ ಎಚ್ಚರಿಸಿತ್ತು, ಆಪ್ ಮೆಸೇಜ್ ಓದಲು ಅನುಮತಿ ಕೇಳಿತ್ತು, ಆಮೇಲೆ ಅದು ಕಾಣದಾಯಿತು ಎಂಬ ಈ ಮೂರು ಮಾತು ಸೇರಿದರೆ ಸಾಕು, ಕೇಳಿದವರ ಮನಸ್ಸಿನಲ್ಲಿ ಕಳ್ಳನ ಹೊಸ ಚಿತ್ರವೊಂದು ಮೂಡುತ್ತದೆ. ತಜ್ಞರ ತಿಳಿವಿನಲ್ಲಿ ಬಳಕೆಗೆ ಬರುವ ಭಾಗ ಆ ನಡುವಿನಲ್ಲೇ ಇದೆ. ಅದನ್ನು ದಾಟಿಸಲು ವರ್ಮ್, ಟ್ರೋಜನ್ ಎಂಬ ವರ್ಗೀಕರಣ ಕಲಿಸಬೇಕಿಲ್ಲ.

ಆದ್ದರಿಂದ ಈ ವೇದಿಕೆಯಿಂದ ಮೂವರಲ್ಲಿ ನನ್ನ ಬೇಡಿಕೆ. ಅಪರಾಧ ಸುದ್ದಿ ಬರೆಯುವ ಪತ್ರಕರ್ತ ಮಿತ್ರರು, ಹಣದ ಮೊತ್ತಕ್ಕೆ ಕೊಡುವ ಜಾಗದಲ್ಲಿ ಎರಡು ಸಾಲನ್ನು ಹಣ ಹೋದ ಬಗೆಗೆ ಕೊಡಲಿ. ಬ್ಯಾಂಕಿನವರು, ಒಟಿಪಿ ಹೇಳಬೇಡಿ ಎಂಬ ಫಲಕದ ಕೆಳಗೆ, ಆಪ್ ನಿಮ್ಮ ಮೆಸೇಜ್ ಓದಿದರೆ ನೀವು ಒಟಿಪಿ ಹೇಳಿದಂತೆಯೇ ಎಂದು ಇನ್ನೊಂದು ಸಾಲು ಬರೆಸಲಿ. ಮೂರನೆಯವನು ಬಸ್ ಸ್ಟ್ಯಾಂಡಿನ ಪಕ್ಕದ ಮೊಬೈಲ್ ಅಂಗಡಿಯ ಹುಡುಗ. ರೀಚಾರ್ಜಿಗೆ, ಗ್ಲಾಸ್ ಹಾಕಿಸಲು, ಫೋನ್ ನಿಧಾನವಾಯಿತೆಂದು ಜನ ಮೊದಲು ಹೋಗುವುದು ಅವನ ಬಳಿಗೆ. ಅಪ್‌ಡೇಟ್ ಆಫ್ ಮಾಡಿ ಎಂದು ಊರಿಗೆಲ್ಲ ಕಲಿಸಿದವನೂ ಅಂಥ ಹುಡುಗನೇ, ಊರು ಅವನ ಮಾತನ್ನು ಇಷ್ಟು ವರ್ಷ ಪಾಲಿಸಿದೆ. ಪೊಲೀಸ್ ಇಲಾಖೆ, ಬ್ಯಾಂಕುಗಳು, ಕಾಲೇಜುಗಳ ಕಂಪ್ಯೂಟರ್ ವಿಭಾಗಗಳು ಜಾಗೃತಿ ಕಾರ್ಯಕ್ರಮಕ್ಕೆ ಕಾಲೇಜು ಸಭಾಂಗಣ ಹುಡುಕುತ್ತವೆ. ತಾಲ್ಲೂಕಿನ ಮೊಬೈಲ್ ಅಂಗಡಿಯವರನ್ನೆಲ್ಲ ಒಂದು ಸೋಮವಾರ ಕರೆದು ಕೂರಿಸಿ, ಗ್ರಾಹಕರ ಫೋನಿನಲ್ಲಿ ಮೆಸೇಜ್ ಓದುವ ಅನುಮತಿ ಯಾವ ಯಾವ ಆಪಿಗಿದೆ ಎಂದು ನೋಡುವುದನ್ನು ಅವರಿಗೆ ಹೇಳಿಕೊಟ್ಟವರನ್ನು ನಾನಿನ್ನೂ ಕಂಡಿಲ್ಲ. ಈ ಕಾಲೇಜಿನ ಕಂಪ್ಯೂಟರ್ ವಿಭಾಗ ಅದನ್ನು ಮಾಡುವುದಾದರೆ ಮೊದಲ ಸೋಮವಾರ ಪಾಠ ಹೇಳಲು ನಾನು ಬರುತ್ತೇನೆ.